ನಾಯ್ನನ ಲಾಳಿ

ಹೊಸ ಲಟ್ಟಣಿಗೆಗೆ ಕೊಬ್ಬರಿ ಎಣ್ಣೆ ಸವರಿ ಬಿಸಿಲಿಗಿಟ್ಟರೆ ಮರದಿಂದ ಒಂದು ವಾಸನೆ ಏಳುತ್ತದೆ. ಕುದಾಪುರದ ಸಂಶೋಧನಾ ಕೇಂದ್ರದ ಕ್ಯಾಂಟೀನಿನಲ್ಲಿ ಅಡುಗೆ ನೋಡಿಕೊಳ್ಳುವ ನಾನು ವರ್ಷಕ್ಕೆ ಎರಡು ಮೂರು ಸಲ ಈ ಕೆಲಸ ಮಾಡುತ್ತೇನೆ, ಪ್ರತಿ ಸಲವೂ ಕೈ ಅರೆಗಳಿಗೆ ನಿಲ್ಲುತ್ತದೆ. ಅದು ಮೊಳಕಾಲ್ಮುರಿನ ನಮ್ಮ ಮನೆಯ ಲಾಳಿಯ ವಾಸನೆ. ಮಗ್ಗದ ಹಾಸಿನ ಎಳೆಗಳ ನಡುವೆ ಅಡ್ಡನೂಲು ಹೊತ್ತು ಅತ್ತಿತ್ತ ಓಡಾಡುವ, ದೋಣಿಯಂಥ ಆ ಪುಟ್ಟ ಮರದ ತುಂಡು ನಿಮ್ಮಲ್ಲೂ ಕೆಲವರ ಮನೆಯಲ್ಲಿ ಇದ್ದೀತು, ಈಗ ಅಟ್ಟದ ಮೇಲೋ, ಮಕ್ಕಳ ಆಟದ ಡಬ್ಬಿಯಲ್ಲೋ.

ನಮ್ಮ ಮನೆಯೆಂದರೆ ಒಂದೇ ಅಂಕಣ, ಅದರಲ್ಲಿ ಮುಕ್ಕಾಲು ಭಾಗ ಮಗ್ಗ. ನೆಲದ ಗುಣಿಯಲ್ಲಿ ಕಾಲು ಇಳಿಬಿಟ್ಟು ನಾಯ್ನ ಕೂರುತ್ತಿದ್ದ. ಅಪ್ಪನನ್ನು ನಾವು ಕರೆಯುತ್ತಿದ್ದುದು ಹಾಗೆ. ಮನೆಯೊಳಗೆ ತೆಲುಗು, ಹೊಸಿಲು ದಾಟಿದರೆ ಕನ್ನಡ, ಸಿಟ್ಟು ಬಂದಾಗ ಎರಡೂ. ಸೀರೆಯ ಒಡಲು ಒಂದು ಬಣ್ಣ, ಅಂಚು ಇನ್ನೊಂದು ಬಣ್ಣ, ಹಾಗಾಗಿ ಆ ಕಡೆಯ ಅಂಚಿನ ಲಾಳಿ ನೋಡಿಕೊಳ್ಳಲು ಇನ್ನೊಬ್ಬರು ಬೇಕು. ಶಾಲೆಯ ಗಂಟೆ ಹೊಡೆಯುವವರೆಗೆ ಆ ಇನ್ನೊಬ್ಬಳು ನಾನೇ. ಒಡಲಿನ ಲಾಳಿ ಅವನ ಕೈಯಿಂದ ನನ್ನ ಕೈಗೆ, ನನ್ನ ಕೈಯಿಂದ ಅವನ ಕೈಗೆ. ಬೆಳಗಿನ ಮೊದಲ ಎಸೆತಕ್ಕೆ ಅವನು ತಪ್ಪದೆ ಲಾಳಿಗೆ "ಪೋಯಿ ರಾ" ಅನ್ನುತ್ತಿದ್ದ. ಹೋಗಿ ಬಾ ಎಂದರ್ಥ. ಒಂದು ದಿನ ನಾನು ಅವಸರದಲ್ಲಿ ಬರೀ "ಪೋ" ಅಂದದ್ದಕ್ಕೆ ಒಲೆಯ ಮುಂದಿದ್ದ ಅಮ್ಮ ಸೌಟು ಎತ್ತಿ ತೋರಿಸಿದ್ದಳು. "ಬರೀ ಹೋಗು ಅಂದ್ರೆ ಹೋಗೇ ಬಿಡ್ತೈತೆ. ಆಮೇಲೆ ನೀನು ಹೋಗಿ ಹುಡುಕ್ಕಂಡು ಬರ್ತೀಯಾ?"

ಗೂಡಿನಲ್ಲಿ ಒಂದು ರೇಡಿಯೋ ಇತ್ತು. ನಾನು ಐದನೇ ಕ್ಲಾಸಿನಲ್ಲಿದ್ದಾಗ ಒಂದು ಬೆಳಿಗ್ಗೆ ವಾರ್ತೆಯಲ್ಲಿ, ಯಾವುದೋ ದೇಶದ ಸ್ಪೇಸ್ ಶಟಲ್ ಭೂಮಿಗೆ ಮರಳಿತು ಎಂದು ಹೇಳಿದರು. ನಾಯ್ನನಿಗೆ ಗೊತ್ತಿದ್ದ ನಾಲ್ಕೈದು ಇಂಗ್ಲಿಷ್ ಪದಗಳಲ್ಲಿ ಶಟಲ್ ಒಂದು. ಮಗ್ಗದ ಸಾಮಾನು ಮಾರುವವರು ಲಾಳಿಗೆ ಹಾಗೆನ್ನುತ್ತಿದ್ದರು. ಅವನ ಮುಖ ಅರಳಿತು. "ಶಟಲ್ಲಾ? ಅದು ನಮ್ ಲಾಳಿನೇ ಕಣಮ್ಮಾ! ಆಕಾಶಕ್ಕೆ ಎಸೀತಾರೆ, ತಿರುಗಿ ಹಿಡ್ಕಂತಾರೆ. ಹೆಸ್ರು ಇಟ್ಟೋನು ಯಾರೋ ನಮ್ಮೋನೇ ಇರ್ಬೇಕು." ಅದೇ ವಾರ ವಿಜ್ಞಾನದ ಮೇಷ್ಟ್ರು ಸ್ಪೇಸ್ ಶಟಲ್ ಎಂದರೇನು ಎಂದು ಕೇಳಿದಾಗ ನಾನೇ ಮೊದಲು ಕೈ ಎತ್ತಿದೆ. ನನ್ನ ಉತ್ತರ ಕೇಳಿ ಅವರು, "ಹಂಗಾದ್ರೆ ನಿಮ್ಮಪ್ಪ ಚಂದ್ರನಿಗೆ ಸೀರೆ ನೇಯ್ತಾನೇನಮ್ಮಾ?" ಅಂದರು. ಕ್ಲಾಸಿಗೆ ಕ್ಲಾಸೇ ನಕ್ಕಿತು. ಅಲ್ಲಿಂದ ಶಾಲೆ ಬಿಡುವವರೆಗೂ ನನ್ನ ಹೆಸರು ಚಂದ್ರನ ಸೀರೆ.

ನಗೆಯ ಸಂಗತಿಯನ್ನು ಮನೆಯಲ್ಲಿ ಹೇಳಲಿಲ್ಲ. ಬಂದವಳೇ ಚೀಲ ಎಸೆದು, "ಮಗ್ಗ ಬಿಟ್ರೆ ನಿನಗೇನು ಗೊತ್ತೈತೆ ನಾಯ್ನಾ? ಗೊತ್ತಿಲ್ದಿದ್ರೆ ಸುಮ್ನಿರಬೇಕು" ಅಂದೆ. ಲಾಳಿ ಅವನ ಕೈಯಲ್ಲೇ ನಿಂತಿತು. ಅವನು ಅದರ ಮೂತಿಯನ್ನು ಹೆಬ್ಬೆರಳಿನಿಂದ ಸವರಿ, "ಇರಬೋದು ಬಿಡಮ್ಮಾ" ಅಂದ. ಅಷ್ಟೇ. ಮರುದಿನವೂ ಪೋಯಿ ರಾ ಅಂದ, ಲಾಳಿಯೂ ಹೋಗಿ ಬಂತು. ಆದರೆ ರೇಡಿಯೋ ಕೇಳುತ್ತಾ ನನಗೆ ಏನನ್ನಾದರೂ ಬಿಡಿಸಿ ಹೇಳುವುದನ್ನು ಅವನು ಅಂದಿಗೆ ಬಿಟ್ಟುಬಿಟ್ಟ. ಎದುರುಬದುರು ಕೂತು ಎಷ್ಟೋ ಸೀರೆ ಇಳಿಸಿದೆವು, ಆ ಮಾತನ್ನು ವಾಪಸು ತೆಗೆದುಕೊಳ್ಳಲು ನನಗೆ ಬಾಯಿ ಬರಲಿಲ್ಲ.

ಮದುವೆಯಾಗಿ ಚಳ್ಳಕೆರೆಗೆ ಬಂದೆ. ಕುದಾಪುರದ ಹುಲ್ಲುಗಾವಲಿನ ಮಗ್ಗುಲಲ್ಲಿ ಕೇಂದ್ರ ಎದ್ದು ನಿಂತ ಮೇಲೆ ಕ್ಯಾಂಟೀನು ಸೇರಿದೆ. ರಾಕೆಟ್ ಏರುವುದು ದೂರದ ಸಮುದ್ರದ ದಂಡೆಯಲ್ಲಿ. ಏರಿದ್ದು ಕೆಡದೆ ಮರಳುವುದು ಹೇಗೆ ಎಂದು ಮೊದಲೇ ಪರೀಕ್ಷೆ ಮಾಡಿ ನೋಡುವುದು ನಮ್ಮಲ್ಲಿ. ಈ ಜನರ ತಾಳ್ಮೆಯನ್ನು ನೀವು ನೋಡಬೇಕು. ದಾವಣಗೆರೆ ಕಡೆಯ ಶೈಲಜಾ ಮೇಡಂ ಎಂಬ ಇಂಜಿನಿಯರ್ ಉಪ್ಪಿಟ್ಟಿನ ತಟ್ಟೆಯ ಪಕ್ಕದಲ್ಲೂ ತಮ್ಮ ಪಟ್ಟಿ ಇಟ್ಟುಕೊಂಡು ಗುರುತು ಹಾಕುತ್ತಿರುತ್ತಾರೆ, ಒಂದರಲ್ಲಿ ಅನುಮಾನ ಬಂದರೆ ಪುನಃ ಮೊದಲನೆಯದರಿಂದ. ಒಮ್ಮೆ ಎಲ್ಲ ಸಿದ್ಧವಾದ ಮೇಲೆ ಗಾಳಿ ಜೋರಾಯಿತೆಂದು ಪರೀಕ್ಷೆ ನಿಲ್ಲಿಸಿದರು. ವಾರಗಟ್ಟಲೆ ದುಡಿದವರು ಗೊಣಗದೆ ಟೀ ಕುಡಿದು ಮತ್ತೆ ಕೆಲಸಕ್ಕೆ ನಡೆದರು. ನನಗೆ ನಾಯ್ನ ಕಣ್ಣಿಗೆ ಕಟ್ಟಿದ. ಒಂದೇ ಎಳೆ ತಪ್ಪಿತೆಂದು ಅವನು ಗೇಣುದ್ದ ನೇಯ್ದದ್ದನ್ನು ಬಿಚ್ಚುತ್ತಿದ್ದ. "ಯಾರ್ ನೋಡ್ತಾರೆ ನಾಯ್ನಾ?" ಅಂದರೆ, "ನಾನು ನೋಡಿದ್ನಲ್ಲ" ಅನ್ನುತ್ತಿದ್ದ.

ಕೊನೆಗೊಂದು ಬೆಳಿಗ್ಗೆ ಗಾಳಿ ಇಳಿಯಿತು. ಹೆಲಿಕಾಪ್ಟರು ರೆಕ್ಕೆಯ ಬಿಳಿ ವಾಹನವೊಂದನ್ನು ಹೊಟ್ಟೆಯ ಕೆಳಗೆ ಕಟ್ಟಿಕೊಂಡು ಏರಿತು. ಒಳಗೆ ಮನುಷ್ಯರಿಲ್ಲ, ಮೇಲಿಂದ ಬಿಟ್ಟ ಮೇಲೆ ತಾನೇ ದಾರಿ ಹಿಡಿದು ರನ್‌ವೇಗೆ ಬಂದಿಳಿಯಬೇಕು. ನಾವು ಅಡುಗೆಯವರೆಲ್ಲ ಹಿಂಬಾಗಿಲ ಮೆಟ್ಟಿಲ ಮೇಲೆ ನಿಂತಿದ್ದೆವು. ಹೆಲಿಕಾಪ್ಟರು ಕೈಬಿಟ್ಟು ಅದು ಒಂಟಿಯಾದ ಕ್ಷಣ ನನ್ನ ಬಾಯಿ ತಾನಾಗಿ "ಪೋಯಿ ರಾ" ಅಂದಿತು. ಹದ್ದಿನ ಹಾಗೆ ವಾಲಿ, ನೆಟ್ಟಗಾಗಿ, ದೂಳೆಬ್ಬಿಸಿ ನೆಲ ಮುಟ್ಟಿತು. ಬೆನ್ನ ಹಿಂದೆ ಪ್ಯಾರಾಚೂಟು ಅರಳಿತು. ಆಮೇಲೆ ಟೀಗೆ ಬಂದ ಮೇಡಂ ಕಣ್ಣು ಕೆಂಪಾಗಿದ್ದವು.

"ಇದೂ ಆ ಸ್ಪೇಸ್ ಶಟಲ್ ಥರಾನೇನ್ರಿ ಮೇಡಂ?" ಎಂದೆ.

"ಅದರ ತಂಗಿ ಅನ್ಕಳ್ರಿ ಅಕ್ಕಾ."

"ಶಟಲ್ ಅಂದ್ರೇನ್ರಿ?"

"ಮಗ್ಗದ ಲಾಳಿ ರೀ! ಹೋಗಿ ಬರ್ತೈತಲ್ಲ, ಅದಕ್ಕೇ ಆ ಹೆಸ್ರು. ಯಾಕ್ರೀ ಅಕ್ಕಾ, ಹಾಲು ಉಕ್ತಾ ಐತಲ್ರಿ!"

ಆ ಹೊತ್ತಿಗೆ ಅಮ್ಮ ತೀರಿಕೊಂಡು, ಮಗ್ಗ ಬಿಚ್ಚಿ, ನಾಯ್ನ ನನ್ನ ಮನೆಯಲ್ಲೇ ಇದ್ದ. ಕಣ್ಣು ಮಂಜಾಗಿತ್ತು. ಸಂಜೆ ಅವನ ಮಂಚದ ಅಂಚಿಗೆ ಕೂತು, ನಮ್ಮವರೂ ಅಂಥದ್ದೊಂದನ್ನು ಮೇಲಿಂದ ಬಿಟ್ಟು ನೋಡಿದ್ದನ್ನು ತಿಳಿಸಿ, "ನಾಯ್ನಾ, ಅವತ್ತು ನೀನು ಹೇಳಿದ್ದೇ ಸರಿ. ಶಟಲ್ ಅಂದ್ರೆ ಲಾಳಿನೇ ಅಂತೆ. ತಪ್ಪು ನಂದು" ಅಂದೆ. ಅವನಿಗೆ ನೆನಪಿದೆಯೋ ಇಲ್ಲವೋ ಎಂದುಕೊಳ್ಳುವಷ್ಟರಲ್ಲಿ ಹಲ್ಲಿಲ್ಲದ ಬಾಯಿ ನಕ್ಕಿತು. "ಹಂಗಾದ್ರೆ ಚಂದ್ರನ ಸೀರೆ ನೇಯಾಕೆ ಕುಂತವ್ರೆ ಅನ್ನು." ನಾನು ಅವನಿಗೆ ಎಂದೂ ಹೇಳದ ಆ ಹೆಸರು ಅವನಿಗೆ ಅಷ್ಟೂ ವರ್ಷ ಗೊತ್ತಿತ್ತು. ಆಮೇಲೆ ಕೇಳಿದ, "ತಿರುಗಿ ಹಿಡ್ಕಂಡ್ರಾ?"

"ಹಿಡ್ಕಂಡ್ರು ನಾಯ್ನಾ."

"ಒಳ್ಳೆ ಕೈ."

ನಾಯ್ನನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ. ಮರುದಿನ ಮೇಡಂಗೆ ಹೇಳಿದೆ. ಅವರು ತಮ್ಮ ಅಂಗೈಗಳನ್ನೇ ನೋಡಿಕೊಂಡರು.

ಮುಂದಿನ ಚಳಿಗಾಲಕ್ಕೆ ಅವನು ಹೋದ. ಮೊಳಕಾಲ್ಮುರಿನ ಮನೆಯಲ್ಲಿ ಈಗ ಬೇರೆಯವರಿದ್ದಾರೆ, ಗುಣಿ ಮುಚ್ಚಿ ಟೈಲ್ಸ್ ಹಾಕಿದ್ದಾರೆ. ಲಾಳಿ ನನ್ನ ಹತ್ತಿರ ಇದೆ, ಲಟ್ಟಣಿಗೆಗಳ ಜೊತೆ ಅದಕ್ಕೂ ಎಣ್ಣೆ ಸವರುತ್ತೇನೆ. ನಾಯ್ನನ ಚಟ್ಟ ಎತ್ತಿದಾಗ ನಾನು ಎಲ್ಲರಿಗೂ ಕೇಳುವಂತೆ "ಪೋಯಿ ರಾ ನಾಯ್ನಾ" ಅಂದುಬಿಟ್ಟಿದ್ದೆ. ಅತ್ತೆ ಗಾಬರಿಯಿಂದ ನನ್ನ ರಟ್ಟೆ ಹಿಡಿದು, ಸತ್ತವರನ್ನು ಕಳಿಸುವಾಗ ಹೋಗಿ ಬಾ ಅನ್ನಬಾರದು ಎಂದಳು. ಹೇಳಬಾರದೆಂದು ನನಗೂ ಗೊತ್ತಿತ್ತು. ಆದರೆ ಅವನ ಎದುರು ಕೂತು ಕಲಿತ ನಾಲಗೆಗೆ, ಬರೀ ಹೋಗು ಅನ್ನಲು ಬರುವುದಿಲ್ಲ.