ಇಪ್ಪತ್ತೆಂಟೋ, ಇಪ್ಪತ್ತೊಂಬತ್ತೋ: ಸಿಂಗಳೀಕ ಎಣಿಸುವ ಮೂಕಮ್ಮ

ಬೆಳಗಿನ ಆರೂವರೆ. ಸೊರಬದಿಂದ ಪಶ್ಚಿಮಕ್ಕೆ ಒಂದೂವರೆ ತಾಸಿನ ದಾರಿ. ಘಟ್ಟದ ಕಾಡನ್ನು ಸೀಳಿದ ಡಾಂಬರು ರಸ್ತೆಯ ಪಕ್ಕ, ಮೋರಿಕಟ್ಟೆಯ ಮೇಲೆ ಕೂತು ಮೂಕಮ್ಮ ತಲೆಯೆತ್ತಿ ನೋಡುತ್ತಿದ್ದಾರೆ. ಎರಡೂ ಬದಿಯ ಮರಗಳ ಕೊಂಬೆ ಕೂಡುವುದು ಇಲ್ಲೊಂದೇ ಕಡೆ. ನೆಲಕ್ಕಿಳಿಯಲು ಒಲ್ಲದ ಸಿಂಗಳೀಕಗಳು ಆಚೆಗೆ ಹೋಗಬೇಕೆಂದರೆ ಒಂದರ ಹಿಂದೊಂದು ಇದರ ಮೇಲೇ ಹೋಗಬೇಕು. ಒಂದು ದಾಟಿದರೆ ಮಡಿಲಿನ ಒಂದು ಹುಣಸೆಬೀಜ ಚೀಲಕ್ಕೆ. ಹನ್ನೊಂದು ವರ್ಷದಿಂದ ಅವರ ಎಣಿಕೆ ಹೀಗೇ.

ಹತ್ತು ಹೆಜ್ಜೆ ಆಚೆ ಸುರೇಂದ್ರ ನಿಂತಿದ್ದಾನೆ. ಶಿಕಾರಿಪುರದವನು, ಇದೇ ಎಣಿಕೆಯ ಕೆಲಸಕ್ಕೆ ಸೇರಿ ಒಂದು ವರ್ಷ. ಕೊರಳಲ್ಲಿ ದುರ್ಬೀನು. ಮೂಕಮ್ಮನಿಗೆ ಯಾರೂ ದುರ್ಬೀನು ಕೊಟ್ಟಿಲ್ಲ. ಅವರು ಕೇಳಿಯೂ ಇಲ್ಲ.

"ಅಕ್ಕಾರ, ಚಾ ಕುಡೀತೀರೇನ್ರಿ?"

"ನೀ ಕುಡಿ ತಮ್ಮಾ. ನೀ ಊದಿ ಕುಡಿಯೋದ್ರೊಳಗೆ ನಾಲ್ಕು ದಾಟಿ ಹೋಗಿರ್ತವೆ."

ಮೂಕಮ್ಮ ಸಿಂಗಳೀಕಗಳ ಅಧ್ಯಯನಕ್ಕೆ ಬಂದ ಸಂಶೋಧಕರ ಬಿಡಾರಕ್ಕೆ ಅಡುಗೆಗೆಂದು ಸೇರಿದವರು. ಮಧ್ಯಾಹ್ನ ಬುತ್ತಿ ಒಯ್ದಾಗ, ಯಾವ ಸಿಂಗಳೀಕ ಯಾವುದರ ಮಗಳು ಎಂದು ಇವರೇ ಹೇಳತೊಡಗಿದರು. ಆಮೇಲೆ ಅಡುಗೆಗೆ ಬೇರೆಯವರು ಬಂದರು. ಈಗ ದಿನಕ್ಕೆ ಹತ್ತು ತಾಸು ಗುಂಪಿನ ಹಿಂದೆ ನಡಿಗೆ. ಮಳೆಗಾಲದಲ್ಲಿ ಕಾಲಿಗೆ ಹತ್ತಿ ರಕ್ತ ಹೀರುವ ಉಂಬಳ. ಒಮ್ಮೆ ಜಾರಿ ಕಾಲು ಮುರಿದು ಮೂರು ತಿಂಗಳು ಮನೆಯಲ್ಲಿದ್ದರು. ಗುಂಪಿಗೊಂದು ದೊಡ್ಡ ಗಂಡು, ಗಡವ, ಅದು 'ಕೂ' ಎಂದರೆ ಉಳಿದವು ಹತ್ತಿರಾಗುತ್ತವೆ. ಹಣ್ಣನ್ನು ದವಡೆಯ ಚೀಲದಲ್ಲಿ ತುಂಬಿಕೊಂಡು ದೂರ ಹೋಗಿ ಬೀಜ ಉಗುಳುತ್ತವೆ. ಹೆಣ್ಣು ಹೆರುವುದು ಎರಡು ಮೂರು ವರ್ಷಕ್ಕೊಮ್ಮೆ, ಅದೂ ಒಂದೇ ಮರಿ. ಅದಕ್ಕೇ ಇಲ್ಲಿ ಒಂದರ ವ್ಯತ್ಯಾಸವೂ ದೊಡ್ಡದು.

ಹೋದ ತಿಂಗಳು ಮೂಕಮ್ಮ ಇಪ್ಪತ್ತೆಂಟು ಎಂದರು. ಸುರೇಂದ್ರ ಇಪ್ಪತ್ತೊಂಬತ್ತು ಎಂದ: ಹರಕುಕಿವಿಯ ಹೊಟ್ಟೆಯಡಿ ಮರಿ ಇತ್ತಂತೆ. ಹರಕುಕಿವಿ ಗುಂಪಿನ ಮುದುಕಿ. ಹಿಂದಿನ ಎರಡು ಮರಿ ಸತ್ತವು, ಇನ್ನು ಹೆರುವುದಿಲ್ಲ ಎಂದು ಮೂಕಮ್ಮ ತಿಳಿದಿದ್ದರು. ಸಂಶೋಧನೆಯ ಮುಖ್ಯಸ್ಥೆ ಮಾನಸ ತೀರ್ಮಾನ ಹೇಳಿಬಿಟ್ಟಿದ್ದಾರೆ. ಗುಂಪಿಗಿನ್ನು ಒಬ್ಬರೇ ಸಾಕು. ಹೋದ ತಿಂಗಳು ಸರಿ ಎಣಿಸಿದವರು ಯಾರೆಂದು ಇವತ್ತು ನೋಡುವುದು, ಅವರಿಗೆ ಈ ಗುಂಪು. ಇನ್ನೊಬ್ಬರು ಹೊಳೆಯಾಚೆಯ ಗುಂಪಿಗೆ.

"ಹೊಟ್ಟೆಕಿಚ್ಚು ಇಲ್ಲ ಅಂತ ಸುಳ್ಳು ಹೇಳಲ್ರೀ," ಎನ್ನುತ್ತಾರೆ ಮೂಕಮ್ಮ, ದನಿ ತಗ್ಗಿಸಿ. "ಕಲಿಸಿದ್ದು ನಾನು. ಈಗ ಎಲ್ಲರ ಬಾಯಲ್ಲೂ ಸುರೇಂದ್ರ, ಸುರೇಂದ್ರ. ಬಯಲುಸೀಮೆಯವ, ಬಂದ ಹೊಸದ್ರಲ್ಲಿ ಮುಸುವ ತೋರಿಸಿ ಸಿಂಗಳೀಕ ಅಂದಿದ್ದ! ಅವನ ಮಾತು ಸುಳ್ಳಾಗ್ಲಿ, ಮರಿ ಇಲ್ಲದೇ ಹೋಗ್ಲಿ ಅಂತ ಬೇಡ್ಕೊಂಡೆ. ಒಂದು ಕೂಸು ಇಲ್ಲದಿರ್ಲಿ ಅಂತ ಯಾರಾದ್ರೂ ಬೇಡ್ಕೊಳ್ತಾರೇನ್ರೀ?"

ಏಳು ಗಂಟೆಗೆ ಎಲೆ ಅಲುಗುತ್ತದೆ. ಮೊದಲು ಎಳೆಯವು, ಜಿಗಿಯುತ್ತ. ಮೂಕಮ್ಮ ಮಾತು ನಿಲ್ಲಿಸುತ್ತಾರೆ. ಬೀಜ ಒಂದೊಂದೇ ಚೀಲ ಸೇರುತ್ತದೆ. ಕೊನೆಗೆ ಹರಕುಕಿವಿ. ಅದು ಜಿಗಿಯುವುದಿಲ್ಲ. ಮೂರು ಕಾಲಲ್ಲಿ ನಿಧಾನ ಬರುತ್ತದೆ, ಒಂದು ಕೈ ಹೊಟ್ಟೆಗೆ ಒತ್ತಿಕೊಂಡು. ಆ ಕೈಯ ಸಂದಿಯಿಂದ ಇನ್ನೊಂದು ಪುಟ್ಟ ಕೈ ಹೊರಬಂದು ಎಲೆಯೊಂದನ್ನು ಎಳೆಯುತ್ತದೆ.

ಮೂಕಮ್ಮ ಎರಡು ಬೀಜ ಹಾಕುತ್ತಾರೆ.

ರಸ್ತೆಯಾಚೆ ನಿಂತು ನೋಡುತ್ತಿದ್ದ ಮಾನಸ ಹತ್ತಿರ ಬಂದು ಮೆತ್ತಗೆ ಕೇಳುತ್ತಾರೆ: "ಮೂಕಮ್ಮ, ಇದು ಮೊನ್ನೆ ಮೊನ್ನೆ ಹುಟ್ಟಿದ್ದಿರಬಹುದಲ್ಲಾ? ಹಾಗಿದ್ರೆ ಆಗ ನಿಮ್ಮ ಇಪ್ಪತ್ತೆಂಟೇ ಸರಿ."

ಮರಿಯ ವಯಸ್ಸು ನೋಡಿದೊಡನೆ ಹೇಳಬಲ್ಲವರು ಇಲ್ಲಿ ಮೂಕಮ್ಮ ಒಬ್ಬರೇ. ಸುರೇಂದ್ರ ದುರ್ಬೀನು ಕೆಳಗಿಳಿಸುತ್ತಾನೆ. ಅವನಿಗೂ ಅದು ಗೊತ್ತು.

ಮೂಕಮ್ಮ ರಸ್ತೆಯನ್ನೇ ನೋಡುತ್ತಾರೆ. "ಇಲ್ಲ ಮೇಡಂ. ಹೊಸಮರಿ ತಾಯಿ ಕೂದಲು ಬಿಡಲ್ಲ. ಇದು ಎಲೆಗೆ ಕೈ ಚಾಚ್ತು. ತಿಂಗಳು ಮೀರಿದೆ. ಆಗ್ಲೂ ಇತ್ತು. ನಾನು ಅದರ ಹೊಟ್ಟೆ ನೋಡ್ಲೇ ಇಲ್ಲ. ಮುದುಕಿ, ಗೊತ್ತಿರೋಳು ಅಂತ ಬಿಟ್ಟೆ."

"ಅಕ್ಕಾರ..." ಎನ್ನುತ್ತಾನೆ ಸುರೇಂದ್ರ.

"ನೀ ಸುಮ್ನಿರು. ಗೆದ್ದೆಯಲ್ಲ, ಇನ್ನೇನು?"

ಸೋಮವಾರದಿಂದ ಮೂಕಮ್ಮ ಹೊಳೆಯಾಚೆಗೆ. ಅಲ್ಲಿಯ ಗುಂಪನ್ನು ಈವರೆಗೆ ಯಾರೂ ಪೂರ್ತಿ ಎಣಿಸಿಲ್ಲ. ಆಸೆ ಏನಾದರೂ ಇದೆಯೇ ಎಂದರೆ ಹುಣಸೆಬೀಜದ ಚೀಲ ಕಟ್ಟುತ್ತ ಹೇಳುತ್ತಾರೆ: "ಮರಿಗೆ ಮುಖದ ಸುತ್ತ ಬೂದುಗೂದಲು ಇನ್ನೂ ಬಂದಿಲ್ಲ. ಒಂದೆರಡು ತಿಂಗಳು ಬೇಕು. ಬಂದಾಗ ಕರಿಯೋ ಅಂತ ಅವನಿಗೆ ಹೇಳಿದೀನಿ. ಕರೀದಿದ್ರೂ ಬರ್ತೀನಿ."