ಇರುವಿ ಊಟಾ ಮುಗಸ್ಲಿ

ನೇಮಣ್ಣ ಕಾಕಾ ಒಲೆಗೆ ಇಡುವ ಮುಂಚೆ ಪ್ರತಿ ಕಟ್ಟಿಗೆಯನ್ನೂ ಮೂರು ಸಲ ನೆಲಕ್ಕೆ ಕುಟ್ಟುತ್ತಿದ್ದರು. ಒಳಗಿದ್ದ ಇರುವೆ, ಹುಳ ಹೊರಗೆ ಬರಲಿ ಅಂತ. ಆಮೇಲೂ ಅನುಮಾನವಿದ್ದರೆ ಕಿವಿ ಹಚ್ಚಿ ಕೇಳುತ್ತಿದ್ದರು. ಅವರ ಮನೆಗೆ ಚಹಾಕ್ಕೆ ಹೋದವರು ಅರ್ಧ ತಾಸು ಆ ಟಕಟಕ ಕೇಳುತ್ತ ಕೂತಿರಬೇಕು.

ಕಾಗವಾಡದಲ್ಲಿ ಅವರ ಕಬ್ಬಿನ ಹೊಲಕ್ಕೂ ನಮ್ಮದಕ್ಕೂ ನಡುವೆ ಒಂದೇ ಬದು. ಕಬ್ಬು ಕಡಿದ ಮೇಲೆ ಉಳಿಯುವ ಒಣಗರಿಗೆ ನಮ್ಮ ಕಡೆ ರವದಿ ಅನ್ನುತ್ತಾರೆ. ಊರೆಲ್ಲ ಅದಕ್ಕೆ ಕಡ್ಡಿ ಗೀರಿ ಕೈ ತೊಳೆದುಕೊಂಡರೆ, ಕಾಕಾ ಸಾಲಿನ ನಡುವೆ ಹಾಸಿ ಕೊಳೆಯಲು ಬಿಡುತ್ತಿದ್ದರು. ಹುಳಗಳ ಧರ್ಮಶಾಲೆ ಎಂದು ನಾವು ನಗುತ್ತಿದ್ದೆವು. ನಾನೂ ಅವರಂತೆ ಜೈನನೇ. ನೀರು ಸೋಸಿ ಕುಡಿದು, ಹೊತ್ತು ಮುಳುಗುವುದರೊಳಗೆ ಉಂಡು, ಮರುದಿನ ಎದ್ದು ರವದಿ ಸುಡುವಂಥ ಜೈನ.

ಒಂದು ಮಧ್ಯಾಹ್ನ ನಾನು ಹಚ್ಚಿದ ಬೆಂಕಿ ಗಾಳಿಗೆ ಬದು ಜಿಗಿದು ಅವರ ಅರ್ಧ ಹೊಲದ ರವದಿಯನ್ನು ಬೂದಿ ಮಾಡಿತು. ಬೈಸಿಕೊಳ್ಳಲು ತಯಾರಾಗಿ ನಿಂತೆ. ಕಾಕಾ ಬಂದವರು ಕರಕಲು ಸಾಲಿನಲ್ಲಿ ಕೂತು, ಬೂದಿ ಸರಿಸಿ ಸರಿಸಿ ನೋಡಿದರು. ಆಮೇಲೆ ಎದ್ದು ಅಂದರು: "ನಾಳಿಗೆ ಉಪವಾಸ ನಾ ಮಾಡ್ತೇನಿ. ಮಾಡಬೇಕಾದಾಂವ ನೀನು, ಆದ್ರ ನಿನ್ನಿಂದ ಆಗೂದಿಲ್ಲ."

ಆಗಲಿಲ್ಲ, ಖರೇ. ಮರುದಿನ ಎರಡು ಹೊತ್ತೂ ಉಂಡೆ.

ಮುಂದೆ ಕಾಲ ತಿರುಗಿತು. ರವದಿ ಸುಟ್ಟರೆ ಮಣ್ಣು ಸಾಯುತ್ತದೆ, ಹವಾ ಕೆಡುತ್ತದೆ ಎಂದು ಕೃಷಿ ಇಲಾಖೆಯ ಸಾಹೇಬರು ಜೀಪಿನಲ್ಲಿ ಬಂದು ಹೇಳತೊಡಗಿದರು. ಕಾಕಾನ ಧರ್ಮಶಾಲೆಯೇ ಈಗ ಮಾದರಿ ಹೊಲವಾಯಿತು. ಅಲ್ಲೇ ಪೆಂಡಾಲು, ಪ್ಲಾಸ್ಟಿಕ್ಕಿನ ಫ್ಲೆಕ್ಸು, ತಲೆಗೊಂದು ನೀರಿನ ಬಾಟಲಿ. ಊರ ಪರಿಸರ ಸಮಿತಿಗೆ ಅಧ್ಯಕ್ಷ ನಾನೇ, ಯಾಕೆಂದರೆ ಭಾಷಣ ಮಾಡಲು ಬರುವವನು ನಾನೊಬ್ಬನೇ. ಕಾರ್ಬನ್ನಿನ ಬಗ್ಗೆ ಎರಡು ಮಾತಾಡಿರೆಂದು ಕಾಕಾನ ಕೈಗೆ ಮೈಕು ಕೊಟ್ಟರು. "ಅದೆಲ್ಲಾ ನನಗ ಗೊತ್ತಿಲ್ರಿ. ರವದ್ಯಾಗ ಹುಳಾ ಇರ್ತಾವ, ಅದಕ್ಕ ಸುಡೂದಿಲ್ಲ" ಎಂದು ವಾಪಸು ಕೊಟ್ಟರು. ಬರೆದುಕೊಳ್ಳಲು ತೆಗೆದಿದ್ದ ಸಾಹೇಬರ ಪೆನ್ನು ಹಾಗೇ ಜೇಬಿಗೆ ಹೋಯಿತು.

ಸಭೆ ಮುಗಿದ ಮೇಲೆ ನಾವು ಸಮಿತಿಯವರು ಎಂಜಲು ತಟ್ಟೆ, ಖಾಲಿ ಬಾಟಲಿ ಗುಡ್ಡೆ ಹಾಕಿ ಅಲ್ಲೇ ಸುಡಲು ನಿಂತೆವು. ಕಡ್ಡಿಪೆಟ್ಟಿಗೆ ಅಧ್ಯಕ್ಷರದು. ಕಾಕಾ ಓಡಿಬಂದು ನನ್ನ ಕೈ ಹಿಡಿದರು. ತಟ್ಟೆಯಲ್ಲಿದ್ದ ಜಿಲೇಬಿ ಪಾಕಕ್ಕೆ ಇರುವೆ ಮುತ್ತಿದ್ದವು.

"ತಡೀ ತಮ್ಮಾ. ಇರುವಿ ಊಟಾ ಮುಗಸ್ಲಿ."

ಅಷ್ಟು ಪುರಸೊತ್ತು ಯಾರಿಗಿತ್ತು? ನಾವು ಹೊರಟೆವು. ಕಾಕಾ ಒಬ್ಬರೇ ಕೂತು, ತಟ್ಟೆ ಜಾಡಿಸಿ ಎಲ್ಲವನ್ನೂ ಚೀಲಕ್ಕೆ ತುಂಬಿದರಂತೆ.

ಈ ಸಲ ಕಬ್ಬು ಕಡಿದು ಮುಗಿಯುವ ಹೊತ್ತಿಗೆ ಕಾಕಾ ತೀರಿಕೊಂಡರು. ಸುದ್ದಿ ಬಂದಾಗ ಅಧ್ಯಕ್ಷರು ತಮ್ಮ ರವದಿ ಸುಡಲು ಮನೆ ಬಿಟ್ಟಿದ್ದರು. ನಾನು ಅರ್ಧ ದಾರಿಯಿಂದಲೇ ತಿರುಗಿ ಬಂದೆ.

ಸ್ಮಶಾನಕ್ಕೆ ಟ್ರ್ಯಾಕ್ಟರಿನಲ್ಲಿ ಕಟ್ಟಿಗೆ ಬಂತು. ಹೊತ್ತು ಮುಳುಗುವುದರೊಳಗೆ ಮುಗಿಸಬೇಕೆಂದು ಎಲ್ಲರಿಗೂ ಅವಸರ. ನಾನು ಒಂದು ಕೊರಡು ಎತ್ತಿ ನೆಲಕ್ಕೆ ಕುಟ್ಟಿದೆ, ಮೂರು ಸಲ. ಆಮೇಲೆ ಇನ್ನೊಂದು. ಕಾಕಾನ ತಮ್ಮ ತಾವೂ ಒಂದು ಎತ್ತಿಕೊಂಡು ಕುಟ್ಟತೊಡಗಿದರು. ಒಂದು ಕೊರಡಿನಿಂದ ಇರುವೆಗಳ ಸಾಲೇ ಹೊರಟಿತು. ಆ ಕೊರಡನ್ನು ಬೇವಿನ ಬುಡಕ್ಕೆ ಒಯ್ದು ಇಟ್ಟಾಗ ನನಗೆ ಅಳು ತಡೆಯಲಾಗಲಿಲ್ಲ.

ಕಟ್ಟಿಗೆಯೆಲ್ಲ ಒಟ್ಟಿದ್ದಾಯಿತು. ಕರ್ಪೂರ ಹಚ್ಚಲು ಕಡ್ಡಿಪೆಟ್ಟಿಗೆ ಯಾರ ಹತ್ತಿರ ಇದೆ ಎಂದು ಯಾರೋ ಕೇಳಿದರು.

ಇಡೀ ಊರು ನನ್ನ ಜೇಬಿನ ಕಡೆ ನೋಡಿತು.