ಮುಖ ತಿದ್ದುವ ಭಾವ

ನನ್ನ ಗಂಡನ ಅಣ್ಣನಿಗೆ ಬೀದಿಯಲ್ಲಿ ಟಚಪ್ ಅಂತಲೇ ಹೆಸರು. ಫೋಟೋ ಸ್ಟುಡಿಯೋ ಇಟ್ಟಿದ್ದಾರೆ. ಅಲ್ಲಿಗೆ ಹೋದವರು ಯಾರೂ ತಮ್ಮ ಮುಖ ಇಟ್ಟುಕೊಂಡು ಹೊರಗೆ ಬಂದಿಲ್ಲ. ಮದುಮಗಳ ಮಚ್ಚೆ, ಮುದುಕರ ಸುಕ್ಕು, ಎಲ್ಲವನ್ನೂ ಒರೆಸಿ ಎಸೆಯುತ್ತಾರೆ. ನನ್ನ ಮಗಳ ಗಲ್ಲದ ಗುಳಿಯನ್ನೂ ಕಲೆ ಅಂದುಕೊಂಡು ಮುಚ್ಚಿದ್ದರು. ಕೇಳಿದರೆ, ನಿನಗೆ ಫಿನಿಶಿಂಗ್ ಗೊತ್ತಾಗಲ್ಲ ಬಿಡಮ್ಮ ಅಂದರು. ಈ ಫಿನಿಶಿಂಗ್ ಒಂದರ ಬಲದ ಮೇಲೆ ಮನೆಯ ಇಂಟರ್ನೆಟ್ಟು, ಪಾಸ್‌ವರ್ಡು, ಫೋನು, ಎಲ್ಲಕ್ಕೂ ಅವರೇ ಯಜಮಾನರು.

ಅತ್ತೆಗೆ ಕ್ಯಾನ್ಸರ್ ಬಂದ ಮೇಲೆ ಯಜಮಾನಿಕೆ ಇನ್ನೂ ಜೋರಾಯಿತು. ಆಸ್ಪತ್ರೆ ದೂರ. ಪ್ರತಿ ಸುತ್ತಿನ ಕೀಮೋ ಮಾತ್ರೆಗೆ ಮೊದಲು ಡಾಕ್ಟರು ವಿಡಿಯೋದಲ್ಲಿ ನೋಡಿ ಹೂಂ ಅನ್ನಬೇಕು. ಫೋನು ಭಾವನ ಕೈಯಲ್ಲಿ, ಉತ್ತರವೂ ಅವರ ಬಾಯಲ್ಲೇ. ಅತ್ತೆ ಎದುರಿಗೆ ಕೂತ ಗೊಂಬೆ.

ಮೊನ್ನೆ ಬೆಳಿಗ್ಗೆ ಅತ್ತೆಯ ಮುಖ ಒರೆಸುವಾಗ ಕಣ್ಣಿನ ಬಿಳಿಭಾಗ ಹಳದಿಗಟ್ಟಿದ್ದು ಕಂಡಿತು. ಭಾವನಿಗೆ ಹೇಳಿದೆ. ಬಲ್ಬಿನ ಬಣ್ಣ ಅಂತ ನಕ್ಕರು. ಸ್ಟುಡಿಯೋದಿಂದ ತಂದ ಲೈಟು ಹಚ್ಚಿ, ಅತ್ತೆಯ ತಲೆಯ ಸ್ಕಾರ್ಫ್ ಸರಿಮಾಡಿ, ಕರೆ ಮಾಡಿದರು. ಪರದೆಯ ಮೇಲಿದ್ದ ಹೆಂಗಸನ್ನು ನಾನು ಈ ಮನೆಯಲ್ಲಿ ನೋಡಿಯೇ ಇರಲಿಲ್ಲ. ಕೆನ್ನೆ ನುಣ್ಣಗೆ, ಕಣ್ಣು ಹಾಲಿನಷ್ಟು ಬೆಳ್ಳಗೆ. ಕಾಯಿಲೆಯ ತಾಯಿಯನ್ನು ಡಾಕ್ಟರಿಗೆ ತೋರಿಸಲು ಈ ಮಹಾನುಭಾವರು ಬ್ಯೂಟಿ ಫಿಲ್ಟರ್ ಹಾಕಿದ್ದರು.

ಊಟ, ನಿದ್ದೆ ಎಲ್ಲ ಫಸ್ಟ್ ಕ್ಲಾಸ್ ಅಂತ ವರದಿಯನ್ನೂ ಒಪ್ಪಿಸಿದರು. ಎರಡು ತುತ್ತಿಗೇ ತಟ್ಟೆ ಸರಿಸುವ ಅತ್ತೆ ಬಾಯಿ ತೆರೆಯುವಷ್ಟರಲ್ಲಿ ಡಾಕ್ಟರು, ಲವಲವಿಕೆಯಿಂದ ಇದ್ದಾರೆ, ನಾಳೆಯಿಂದ ಮಾತ್ರೆ ಶುರು ಮಾಡಿ ಅಂದುಬಿಟ್ಟರು.

ಕಂಕುಳಲ್ಲಿದ್ದ ಮಗಳನ್ನು ಭಾವನ ತೊಡೆಗೆ ಹಾಕಿದೆ. ಕೂಸು ಜಾರದಂತೆ ಹಿಡಿಯಲು ಎರಡೂ ಕೈ ಬೇಕಲ್ಲ, ಫೋನು ಬಿಟ್ಟರು. ಅದನ್ನು ಎತ್ತಿಕೊಂಡು, ಡಾಕ್ಟರಿಗೆ ಒಂದು ನಿಮಿಷ ಇರಲು ಹೇಳಿ ಫಿಲ್ಟರ್ ತೆಗೆದೆ. ಅತ್ತೆಯನ್ನು ಕಿಟಕಿಯ ಬೆಳಕಿಗೆ ಕೂರಿಸಿದೆ.

"ಏನಮ್ಮ ಇದು, ಅಮ್ಮ ಎಷ್ಟು ಕೆಟ್ಟದಾಗಿ ಕಾಣ್ತಿದಾರೆ," ಅಂದರು ಭಾವ.

"ಕಾಣಲಿ ಬಿಡೋ. ನಾನೇನು ಮದುವಣಗಿತ್ತಿಯಾ?" ಅಂದರು ಅತ್ತೆ.

ಡಾಕ್ಟರು ಕಣ್ಣಿನ ಕೆಳರೆಪ್ಪೆ ಎಳೆದು ತೋರಿಸಲು ಹೇಳಿದರು. ಮೂತ್ರದ ಬಣ್ಣ ಕೇಳಿದರು. ಈ ಸಲ ಅತ್ತೆಯೇ ಉತ್ತರ ಕೊಟ್ಟರು. ಮಾತ್ರೆ ಮುಟ್ಟಬೇಡಿ, ಇವತ್ತೇ ಕರೆತನ್ನಿ ಅಂದರು ಡಾಕ್ಟರು.

ಪಿತ್ತನಾಳ ಕಟ್ಟಿಕೊಂಡಿತ್ತಂತೆ. ಆ ಸುತ್ತಿನ ಮಾತ್ರೆ ನುಂಗಿದ್ದರೆ ಲಿವರ್ ತಡೆಯುತ್ತಿರಲಿಲ್ಲವಂತೆ. ನಾಳದೊಳಗೆ ಸಣ್ಣ ಕೊಳವೆ ಹಾಕಿದ ಮೇಲೆ ಅತ್ತೆ ಇಂದು ಅರ್ಧ ಬಟ್ಟಲು ಗಂಜಿ ಕುಡಿದರು. ಇನ್ನು ಮೇಲೆ ಫೋನು ಕಿರಿ ಸೊಸೆಯ ಕೈಯಲ್ಲಿರಲಿ ಅಂತ ಅವರ ಅಪ್ಪಣೆಯೂ ಆಯಿತು.

ಭಾವನಿಗೆ ನಾಚಿಕೆಯೇ? ನೋಡಲು ಬಂದವರಿಗೆಲ್ಲ, ನಾನು ಆನ್‌ಲೈನಲ್ಲಿ ತೋರಿಸಿದ್ದಕ್ಕೇ ಪತ್ತೆಯಾಯ್ತು ಅಂತ ಹೇಳಿಕೊಳ್ಳುತ್ತಿದ್ದಾರೆ. ಸಾಲದ್ದಕ್ಕೆ ಆಸ್ಪತ್ರೆಯ ಮಂಚದ ಮೇಲೆ ಮಲಗಿದ ಅತ್ತೆಯ ಫೋಟೋವನ್ನು ನೆಂಟರ ವಾಟ್ಸಾಪ್ ಗುಂಪಿಗೆ ಹಾಕಿದರು. ಅತ್ತೆ ನನ್ನ ಫೋನಿನಲ್ಲಿ ಅದನ್ನು ಹತ್ತಿರ ಹಿಡಿದು ನೋಡಿದರು.

"ಪಕ್ಕದ ಮಂಚದವಳಾ?" ಅಂತ ಕೇಳಿದರು.